ಎಡೆಗಿಟ್ಟ ಮೊಬೈಲು

ಎರಡು ಸಾವಿರದ ಆರರ ಮಹಾಲಯ ಅಮಾವಾಸ್ಯೆ. ಅಪ್ಪ ಹೋಗಿ ವರ್ಷ ಕಳೆದಿತ್ತು. ಬಾಪೂಜಿ ನಗರದ ನಮ್ಮ ಮನೆಯಲ್ಲಿ ಅವರಿಗೆ ಮೊದಲ ಸಲ ಎಡೆ ಇಡುವ ದಿನ. ಬಾಳೆ ಎಲೆಯ ತುಂಬ ಮುದ್ದೆ, ಕೋಳಿ ಸಾರು, ವಡೆ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಎಲ್ಲ ಆದ ಮೇಲೆ ಅಮ್ಮ ಅಪ್ಪನ ಮೊಬೈಲನ್ನೂ ಚಾರ್ಜ್ ಮಾಡಿ ತಂದು ಎಲೆಯ ಬಲಗಡೆ ಇಟ್ಟಳು.

ಅಣ್ಣ ರವಿಗೆ ರೇಗಿತು. ಮಾರನೆಯ ದಿನ ಆ ಸಿಮ್ಮಿನ ವ್ಯಾಲಿಡಿಟಿ ಮುಗಿಯುತ್ತಿತ್ತು. "ಇನ್ನು ರೀಚಾರ್ಜ್ ಬೇಡಮ್ಮ. ಅದ್ರಲ್ಲಿರೋ ಹೆಸರು, ಮೆಸೇಜು ಎಲ್ಲ ಅಳಿಸಿ ಫೋನ್ ಮಾರೋಣ. ನಂಬರ್ ಇನ್ಯಾರಿಗೋ ಹೋಗುತ್ತೆ."

"ಇನ್ಯಾರಿಗೋ ಯಾಕೆ ಹೋಗ್ಬೇಕು? ಅದು ಅವರ ನಂಬರ್ರು," ಎಂದಳು ಅಮ್ಮ.

ಗಿರಾಕಿಗಳಿಗೆಲ್ಲ ನಮ್ಮಪ್ಪ, ಫ್ಯಾನು, ಮಿಕ್ಸಿ ರಿಪೇರಿಯ ನಾರಾಯಣಪ್ಪ, ಎಂದರೆ ಆ ನಂಬರೇ. ಊಟದ ಹೊತ್ತಿಗೇ ಹಾಳಾದ್ದು ಹೊಡೆದುಕೊಳ್ಳುತ್ತಿತ್ತು. ಅಪ್ಪ ಸಾರಿನ ಕೈಯಲ್ಲೇ ಒತ್ತಿ ಒತ್ತಿ ಗುಂಡಿಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಅಮ್ಮ ಕಿತ್ತುಕೊಂಡು ಫೋನ್ ಮಾಡಿದವರನ್ನು ತಾನೇ ಗದರಿ ಇಡುತ್ತಿದ್ದಳು. ಆ ಗದರಿಕೆ ಇಲ್ಲದ ಊಟ ಎಷ್ಟು ಸಪ್ಪೆ ಎಂದು ಅಪ್ಪ ಹೋದ ಮೇಲೆ ನನಗೆ ಗೊತ್ತಾಯಿತು.

ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಬಾಗಿಲು ಹಾಕಿಕೊಂಡು ಹೊರಗೆ ನಿಂತೆವು. ಆಗಲೇ ಒಳಗೆ ಫೋನ್ ರಿಂಗಾಯಿತು.

ರವಿ ಚಿಲಕಕ್ಕೆ ಕೈ ಹಾಕಿದ.

"ಉಣ್ತಾ ಇದಾರೆ ಕಣೋ, ತೆಗೀಬೇಡ," ಎಂದಳು ಅಮ್ಮ.

ರಿಂಗಾಗಿ ರಿಂಗಾಗಿ ನಿಂತಿತು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಬಾಗಿಲು ತಟ್ಟಿ ತೆಗೆದಳು. ಮತ್ತೆ ರಿಂಗಾಯಿತು. ಪರದೆಯ ಮೇಲೆ ಅಪ್ಪ ಸೇವ್ ಮಾಡಿದ್ದ ಹೆಸರು: ಮಿಕ್ಸಿ ಮರೆಪ್ಪ. ರವಿ ಎತ್ತಿದ. ಆ ಕಡೆಯ ದನಿ ನಮಗೂ ಕೇಳಿಸಿತು.

"ನಾರಾಯಣಪ್ಪಣ್ಣ, ಹಬ್ಬದ ದಿನಾನೇ ಮಿಕ್ಸಿ ಕೈಕೊಡ್ತು ನೋಡಿ."

ಅಪ್ಪ ತೀರಿಕೊಂಡದ್ದು ಆತನಿಗೆ ತಿಳಿದಿರಲಿಲ್ಲ. ವರ್ಷದಿಂದ ಆತನ ಮಿಕ್ಸಿ ಕೆಟ್ಟಿರಲಿಕ್ಕಿಲ್ಲ. ಅಪ್ಪ ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದರು.

ಅಮ್ಮ ಫೋನ್ ಕಿತ್ತುಕೊಂಡಳು. "ಊಟಕ್ಕೆ ಕೂತಿದಾರೆ. ಆಮೇಲೆ ಮಾಡಪ್ಪ," ಎಂದು ಗದರಿ ಇಟ್ಟಳು.

"ಆಮೇಲೆ ಮಾಡಿದ್ರೆ ಏನ್ ಹೇಳ್ತೀಯಮ್ಮ?" ಎಂದ ರವಿ.

"ಇರೋದನ್ನ ಹೇಳ್ತೀನಿ. ಅವ್ನು ಮಾಡೋಕೆ ನಂಬರ್ ಇರ್ಬೇಕಲ್ಲ."

ರವಿ ಚಪ್ಪಲಿ ಮೆಟ್ಟಿಕೊಂಡು ರೀಚಾರ್ಜ್ ಕಾರ್ಡ್ ತರಲು ಹೋದ.