ಬಾನಕ್ಕಿಯ ಒಂಟೆ

ನಾನು ಉದ್ದ, ನಮ್ಮ ಯಜಮಾನರು ಗಿಡ್ಡ. ಧಾರೆಯ ಮಂಟಪದಲ್ಲೇ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದರು. ನಗಲಿ ಬಿಡಿ, ಅವರ ಗಂಟೇನು ಹೋಯಿತು!

ಹೊಸತರಲ್ಲಿ ಒಮ್ಮೆ ಲಾಲ್‌ಬಾಗಿನ ಹತ್ತಿರ ಯಾರೋ ಒಂಟೆಯೊಂದನ್ನು ನಡೆಸಿಕೊಂಡು ಹೋಗುತ್ತಿದ್ದರು. "ಲೇ, ನಿಮ್ಮಕ್ಕ ಬಂದಿದಾಳೆ, ಮಾತಾಡ್ಸು" ಎಂದರು ಇವರು. ನನಗೆ ಮೈಯೆಲ್ಲ ಉರಿಯಿತು. "ನೀವೇನು ಮಹಾ? ಬಾನಕ್ಕಿ!" ಎಂದೆ. ಗುಡಿಯ ಗೋಪುರದ ಸಂದಿನಲ್ಲಿ ಗೂಡು ಕಟ್ಟಿ, ದಿನವಿಡೀ ಆಕಾಶದಲ್ಲೇ ಸುತ್ತುವ ಹಿಡಿಯಷ್ಟು ಹಕ್ಕಿ ಅದು. ಇವರು ಬಸ್ ಕಂಡಕ್ಟರ್. ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

ಮಕ್ಕಳಾಗಲಿಲ್ಲ. ಜಯನಗರದ ಮನೆಯಲ್ಲಿ ನಾವಿಬ್ಬರೇ. ನಲ್ಲಿ ಬೀದಿಯ ಕೊನೆಯಲ್ಲಿತ್ತು. ನಾನು ಎರಡು ಕೊಡ ಹೊತ್ತು ಬಂದರೆ ಸಾಕು, "ಒಂಟೆ ಬಂತು, ಒಂಟೆ!" ಎಂದು ಬಾಗಿಲಲ್ಲಿ ನಿಂತು ಕುಣಿಯುತ್ತಿದ್ದರು. ಬೈಯುತ್ತಿದ್ದೆ. ಆದರೆ ಆ ಮಾತು ಕೇಳದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ನಾಲಿಗೆಯೂ ಬಿತ್ತು. ನೆಲಕ್ಕೆ ಬಿದ್ದ ಬಾನಕ್ಕಿ ತಾನಾಗಿ ಏಳಲಾರದಂತೆ, ಯಾರಾದರೂ ಎತ್ತಬೇಕಂತೆ. ನಾನು ಮೊಣಕಾಲೂರಿ ಕೂತು, ಅವರನ್ನು ಬೆನ್ನಿಗೆ ಹಾಕಿಕೊಂಡು ಜಗಲಿಗೆ ತರುತ್ತಿದ್ದೆ.

"ಮಾತು ಬಂದ್ರೆ ಮಿಕ್ಕಿದ್ದೂ ಬರಬಹುದಮ್ಮಾ, ಮಾತಾಡಿಸ್ತಾ ಇರಿ" ಎಂದಿದ್ದರು ಡಾಕ್ಟರು. ನನಗೆ ಬೇಕಿದ್ದದ್ದು ಒಂದೇ ಮಾತು.

"ಒಂಟೆ ಅನ್ನೀಂದ್ರೆ."

"ಒಂ... ಟಿ."

"ಒಂಟಿ ಅಲ್ಲ, ಒಂಟೆ! ನೀವು ಒಂಟಿ ಹೇಗಾಗ್ತೀರಿ? ನಾನಿಲ್ವಾ ಇಲ್ಲಿ?"

ಅವರು ಎಡಗೈ ಎತ್ತಿ ನನ್ನ ಗಲ್ಲ ಮುಟ್ಟಿದರು. "ಒಂಟಿ" ಎಂದರು ಮತ್ತೆ. ಕಣ್ಣಲ್ಲಿ ನೀರಿತ್ತು. ನಾಲಿಗೆ ತಪ್ಪಿತೋ, ಮುಂದಿನದನ್ನು ಕಂಡು ಹಾಗೆಂದರೋ, ಆ ದೇವರಿಗೇ ಗೊತ್ತು. ನನಗೆ ಹೆದರಿಕೆಯಾಯಿತು. "ಬಿಡ್ತು ಅನ್ನಿ!" ಎಂದು ಗದರಿದೆ.

ಆಷಾಢದಲ್ಲಿ ಹೋಗಿಬಿಟ್ಟರು. ಆ ಮಾತು ಕೊನೆಗೂ ಸರಿಯಾಗಿ ಹೊರಡಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಪಕ್ಕದ ಮನೆಯ ಸತ್ಯಭಾಮಾ ಬಂದು ಕಣ್ಣೊರೆಸಿಕೊಂಡರು. "ಅಯ್ಯೋ ನಾರಾಯಣಮ್ಮಾ, ಒಂಟಿ ಆಗ್ಬಿಟ್ರಲ್ರೀ!"

ನನಗೆ ರೇಗಿಹೋಯಿತು. "ಒಂಟಿ ಅಲ್ಲ ಕಣ್ರೀ, ಒಂಟೆ!" ಎಂದು ಕೂಗಿಬಿಟ್ಟೆ. ಆಕೆ ಬಾಯಿಬಿಟ್ಟುಕೊಂಡು ನೋಡಿದರು.

ಕೊಡ ಎತ್ತಿಕೊಂಡು ನಲ್ಲಿಗೆ ಹೋದೆ. ನೀರು ಹೊತ್ತು ತಿರುಗಿ ಬಂದು ಬಾಗಿಲಲ್ಲಿ ನಿಂತೆ. ಯಾರೂ ಏನೂ ಅನ್ನಲಿಲ್ಲ. ಎರಡು ಕೊಡ ಯಾಕೆ ತಂದೆನೋ, ಒಂದೇ ಸಾಕಿತ್ತು.