ತೊದಲುವ ಉಗುಯಿಸು

ಕಿಸೋ ಕಣಿವೆಯ ಹೈಕು ಕೂಟದಲ್ಲಿ ಪದ್ಯದ ಚೀಟಿಗೆ ಹೆಸರು ಬರೆಯುವಂತಿಲ್ಲ. ಓದಿದಾಗ ಯಾರಾದರೂ ಮೆಚ್ಚಿ ಆರಿಸಿದರೆ ಮಾತ್ರ ಬರೆದವರು ಗಟ್ಟಿಯಾಗಿ ತಮ್ಮ ಹೆಸರು ಕೂಗಬೇಕು. ಯಾರೂ ಆರಿಸದ ಚೀಟಿ ಹೆಸರಿಲ್ಲದೆ ಕಸದ ಬುಟ್ಟಿ ಸೇರುತ್ತದೆ. ಬರೆದವರ ಮಾನ ಉಳಿಯಲಿ ಎಂದು ಮಾಡಿಕೊಂಡ ಪದ್ಧತಿ ಇದು. ತೋಫು ಮಾರುವ ತೋಮೆ ಅಜ್ಜಿಯ ಮಾನ ಮೂರು ವರ್ಷದಿಂದ ಹೀಗೆಯೇ ಉಳಿಯುತ್ತ ಬಂದಿತ್ತು.

ಅಂದು ಕೂಟ ನಡೆಸುವ ಕುರೆಬಯಾಶಿ ಮೇಷ್ಟ್ರು ಒಂದು ಚೀಟಿ ಓದಿ ನಕ್ಕೇಬಿಟ್ಟರು. "ಉಗುಯಿಸು ಹಕ್ಕಿ 'ಕೆ... ಕೆಕ್ಯೋ' ಅನ್ನತ್ತಂತೆ! ಅದು 'ಹೋ— ಹೊಕೆಕ್ಯೋ' ಅಂತ ಹಾಡತ್ತೆ ಅಂತ ಹಾಲು ಕುಡಿಯೋ ಮಗೂಗೂ ಗೊತ್ತು. ಇದನ್ನ ಯಾರಾದ್ರೂ ಆರಿಸ್ತೀರಾ?"

ಒಂದು ಕೈಯೂ ಏಳಲಿಲ್ಲ. ಮೇಷ್ಟ್ರು ಚೀಟಿಯನ್ನು ಮುದುಡಿ ಬುಟ್ಟಿಗೆ ಎಸೆದರು.

"ತೋಮೆ!" ಎಂದು ಅಜ್ಜಿ ಕೂಗಿದಳು. ನಲವತ್ತು ವರ್ಷ ಬೀದಿ ಬೀದಿಯಲ್ಲಿ ತೋಫು ಕೂಗಿ ಮಾರಿದ ಗಂಟಲು ಅದು, ಎಲ್ಲರೂ ಬೆಚ್ಚಿಬಿದ್ದರು.

"ಆರಿಸದೇ ಇರೋದಕ್ಕೆ ಹೆಸರು ಕೂಗೋ ಹಾಗಿಲ್ಲ ಅಜ್ಜೀ," ಮೇಷ್ಟ್ರು ಗದರಿದರು. "ನಿಮ್ಮ ಮಾನಾನೇ ಹೋಗತ್ತೆ."

"ಹೋದ್ರೆ ನಂದು ತಾನೇ ಹೋಗೋದು? ನನ್ನಂಗಡಿ ಹಿಂದಿನ ಬಿದಿರಲ್ಲಿ ಒಂದು ಎಳೇ ಉಗುಯಿಸು ಹದಿನೈದು ದಿನದಿಂದ ಹಾಡು ಕಲೀತಾ ಇದೆ. ಬೆಳಗ್ಗೆ ಸೋಯಾ ರುಬ್ಬೋವಾಗ ದಿನಾ ಕೇಳ್ತೀನಿ. ತೊದಲತ್ತೆ, ತಪ್ಪತ್ತೆ, ಮತ್ತೆ ಶುರು ಮಾಡತ್ತೆ. ನೀವು ಮೆಚ್ಚಲಿಲ್ಲ ಅಂತ ಅದೇನೂ ಬಾಯಿ ಮುಚ್ಕೊಂಡಿಲ್ಲ."

ಅಜ್ಜಿ ಬುಟ್ಟಿಯಿಂದ ಚೀಟಿ ಎತ್ತಿ, ಸುಕ್ಕು ಬಿಡಿಸಿ, ಮೇಷ್ಟ್ರ ಮುಂದೆ ಇಟ್ಟಳು.

"ಓದಿ. ಈ ಸಲ ನಗದೆ ಓದಿ. ನಾನು ಇನ್ನೊಂದ್ಸಲ ಕೂಗ್ತೀನಿ."