ನಾಲ್ಕನೇ ಗೋಣಿ

"ಇವನಿಗೆ ಟಿಕೆಟ್ ಬೇಡ ಸಾರ್. ಒಳಗಿರೋದೆಲ್ಲ ಓದಿ ತಿಳ್ಕೊಳ್ಳೋ ಅಂಥದ್ದು. ನಮ್ಮ ಬಾಮೈದ ಓದೋದು ಮೈಲಿಗಲ್ಲು ಮಾತ್ರ."

ಭಾವ ಈ ಮಾತು ಆಡಿದ್ದು ಟಿಕೆಟ್ ಕಿಟಕಿಯ ಮುಂದೆ, ಬೆನ್ನ ಹಿಂದೆ ಹತ್ತು ಹನ್ನೆರಡು ಜನ ಸಾಲು ನಿಂತಿದ್ದಾಗ. ಸಾಲಿನ ಬಾಲದಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ಕೈಚೀಲದೊಳಗೆ ತಲೆ ಹಾಕಿ ಇಲ್ಲದ ಕರವಸ್ತ್ರ ಹುಡುಕತೊಡಗಿದಳು.

ಬಂದ ಮಾತನ್ನು ಬಡ್ಡಿ ಸಮೇತ ವಾಪಸು ಕೊಡದೆ ಬಿಡುವ ಜಾಯಮಾನ ಬಾಮೈದನದಲ್ಲ. ಎಂಟನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದವನಿಗೆ ಉಳಿದ ಆಯುಧವೆಂದರೆ ನಾಲಗೆ ಒಂದೇ. ಅದನ್ನು ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. "ಮೈಲಿಗಲ್ಲು ಎಷ್ಟೋ ವಾಸಿ ಭಾವ. ಗೊತ್ತಿರೋದನ್ನ ಮಾತ್ರ ಹೇಳುತ್ತೆ. ನೀವು ದಾರಿ ಹೇಳಿದ್ದಕ್ಕೆ ನಿನ್ನೆ ನಲವತ್ತು ಕಿಲೋಮೀಟರ್ ಸುಮ್ಮನೆ ಸುತ್ತಿದ್ವಿ," ಎಂದ. ಸಾಲು ಈಗ ಗಟ್ಟಿಯಾಗಿಯೇ ನಕ್ಕಿತು. ಅವನು ತನ್ನ ಟಿಕೆಟ್ಟನ್ನು ತಾನೇ ತೆಗೆದುಕೊಂಡ.

ಭಾವ ಕಾಲೇಜಿನಲ್ಲಿ ಪಾಠ ಹೇಳುವವರು. ರಜೆ ಬಂತೆಂದರೆ ಜನ ಸಮುದ್ರಕ್ಕೋ ಬೆಟ್ಟಕ್ಕೋ ಹೋದರೆ ಇವರು ಚಿತ್ರವಿಚಿತ್ರ ಮ್ಯೂಸಿಯಂ ಹುಡುಕಿಕೊಂಡು ಹೊರಡುವರು. ಈ ಸಲದ ಮೊದಲ ದಿನ ಬಾಚಣಿಗೆಗಳ ಮ್ಯೂಸಿಯಂ. ಎರಡನೇ ದಿನ ಬಾಗಿಲ ಚಿಲಕಗಳದ್ದು. ಅಲ್ಲಿ ಭಾವ ತಾವೇ ಒಂದು ಚಿಲಕ ಜಡಿದುಕೊಂಡು ಅರ್ಧ ಗಂಟೆ ಒಳಗೆ ಉಳಿದರು. ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವರು. ಅಕ್ಕನ ಅತ್ತೆ ಮಾತ್ರ ಹೋದಲ್ಲೆಲ್ಲ ಮೊದಲು ಕುರ್ಚಿ ಹುಡುಕುವರು. "ಮನೇಲಿರೋ ಹಳೇ ಸಾಮಾನು ಬಿಸಾಕಪ್ಪ ಅಂದ್ರೆ ಕೈ ಬರಲ್ಲ. ಕಂಡೋರ ಹಳೇ ಸಾಮಾನು ನೋಡೋಕೆ ದೇಶ ಸುತ್ತುತಾನೆ," ಎಂದು ಮೂರು ದಿನದಿಂದ ಅದೇ ರಾಗ.

ವ್ಯಾನು ಅವನದಲ್ಲ, ಮಾಲೀಕನದು. ಓಡಿಸುವುದು ಅವನ ಕೆಲಸ. ಭಾವನ ಕೊಂಕು ಕೇಳಿಕೊಂಡು ಮೂರು ದಿನ ಸ್ಟಿಯರಿಂಗ್ ಹಿಡಿದು ಕೂತದ್ದಕ್ಕೆ ಕಾರಣ ಒಂದೇ: ಪಟ್ಟಿಯಲ್ಲಿ ಮೂರನೇ ದಿನಕ್ಕೆ ಈ ಮ್ಯೂಸಿಯಂ ಇತ್ತು. ಇಲ್ಲಿಡುವುದು ಕೆಟ್ಟ ಸಾಮಾನು. ಹಳೆಯದಲ್ಲ, ಕೆಟ್ಟದ್ದು. ಮುರಿದು, ಹರಿದು, ಕಳಚಿಕೊಂಡು ಯಾರಿಗಾದರೂ ಪೆಟ್ಟು ಮಾಡಿದ ಸಾಮಾನು. ಅವುಗಳ ನಡುವೆ ಅವನ ಅಪ್ಪ ಕಟ್ಟಿದ ಹಗ್ಗವೂ ಇದೆ ಎಂದು ಲಾರಿಗೆ ಸರಕು ತುಂಬುವ ಅಂಗಳದ ಹಳಬರೊಬ್ಬರು ವರ್ಷದ ಹಿಂದೆ ಅವನ ಕಿವಿಗೆ ಹಾಕಿದ್ದರು.

ಅಪ್ಪ ಲೋಡು ಕಟ್ಟುವವನಾಗಿದ್ದ. ಎಡಗೈಯವನು, ಅಂಗಳದಲ್ಲಿ ಅವನನ್ನು ಕರೆಯುತ್ತಿದ್ದುದೇ 'ಎಡಗೈ' ಎಂದು. ಅವನು ಹಾಕಿದ ಗಂಟನ್ನು ಬಿಚ್ಚಬೇಕಾದರೆ ಅವನೇ ಬರಬೇಕು ಎಂಬ ಮಾತಿತ್ತು. ಶಾಲೆ ಬಿಟ್ಟ ಮಗ ಅದೇ ಅಂಗಳಕ್ಕೆ ಬಂದು ಅಪ್ಪನ ಜೊತೆಗಾರನಾದ. ಅಪ್ಪ ಎಳೆದು ಗಂಟು ಹಾಕುವುದು, ಮಗ ಲೋಡಿನ ನಾಲ್ಕು ಮೂಲೆಗೆ ಹಗ್ಗದ ಕೆಳಗೆ ಮಡಿಸಿದ ಗೋಣಿ ಇಡುವುದು. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಬ್ಬಿಣದ ತಗಡು ತುಂಬಿದ ಲಾರಿ ಗೇಟಿನ ತಿರುವಿನಲ್ಲಿ ವಾಲಿತು, ಹಗ್ಗ ಬಿಟ್ಟುಕೊಂಡಿತು, ತಗಡು ಜಾರಿ ಕಾವಲುಗಾರನ ಕಾಲಿನ ಮೇಲೆ ಬಿತ್ತು. ಆ ಕಾಲು ಇವತ್ತಿಗೂ ಗಿಡ್ಡ. ಗಂಟು ನಿಲ್ಲಲಿಲ್ಲ ಎಂದು ಅಂಗಳದವರು ಕಾಗದ ಮಾಡಿದರು. ಅಪ್ಪ ಹೆಬ್ಬೆಟ್ಟು ಒತ್ತಿ ಮನೆಗೆ ಬಂದ. ಅಂದಿನಿಂದ ಬಟ್ಟೆ ಒಣಹಾಕುವ ಹಗ್ಗವನ್ನು ಕೂಡ ಅಮ್ಮನೇ ಕಟ್ಟಬೇಕು. ಅಪ್ಪನ ಕೈ ಹಗ್ಗ ಮುಟ್ಟಿದ್ದಿಲ್ಲ.

ಮಗನಿಗೂ ಅಂಗಳ ಬಾಗಿಲು ಹಾಕಿತು. ಸ್ಟಿಯರಿಂಗ್ ಹಿಡಿದ. ಸಿಟ್ಟೆಲ್ಲ ಅಪ್ಪನ ಮೇಲೆ. ಎರಡು ವರ್ಷದ ಹಿಂದೆ ಅಕ್ಕನ ಮದುವೆಯ ಮಾತಿಗೆ ಇದೇ ಭಾವನ ಮನೆಯವರು ಬಂದು ಕೂತಿದ್ದಾಗ, ಯಾವುದೋ ಚಿಲ್ಲರೆ ವಿಷಯಕ್ಕೆ ಅವನು ಅಷ್ಟೂ ಜನರ ಎದುರು ಹೇಳಿಬಿಟ್ಟಿದ್ದ: "ಒಂದು ಗಂಟು ನೆಟ್ಟಗೆ ಹಾಕೋಕೆ ಬರಲಿಲ್ಲ ನಿನಗೆ, ನಮ್ಮೆಲ್ಲರ ಬಾಳು ಬೀದಿಗೆ ಬಂತು." ಅಪ್ಪ ಎದ್ದ, ಚಪ್ಪಲಿ ಮೆಟ್ಟಿದ, ಹೊರಗೆ ನಡೆದುಹೋದ. ಉತ್ತರವಿಲ್ಲದವರು ಹಾಗೆಯೇ ಹೋಗುವುದು ಎಂದು ಅವನು ಅಂದುಕೊಂಡಿದ್ದ.

ಆ ಗಂಟನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಎಲ್ಲಿ ಸಡಿಲಾಯಿತು, ಅಪ್ಪ ಎಲ್ಲಿ ಸೋಮಾರಿತನ ಮಾಡಿದ ಎಂದು ಕಂಡುಬಿಟ್ಟರೆ ಸಿಟ್ಟಿಗೊಂದು ತಳ ಸಿಗುತ್ತದೆ ಎನಿಸಿತ್ತು.

ಮ್ಯೂಸಿಯಂ ಎಂದರೆ ಒಂದು ಹಳೆಯ ಗೋದಾಮು. ಉದ್ದಕ್ಕೆ ಹಲಗೆಯ ಮೇಜುಗಳು, ಪ್ರತಿ ಸಾಮಾನಿನ ಮುಂದೆ ಕೈಯಲ್ಲಿ ಬರೆದ ಚೀಟಿ. ಒಂದು ಕುರ್ಚಿಯ ಕಾಲು: 'ಮೂವತ್ತು ವರ್ಷ ಹೊತ್ತಿತು. ಒಂದು ದಿನ ಇಬ್ಬರು ಕೂತರು.' ಏಣಿಯ ಮೆಟ್ಟಿಲು: 'ಬಿರುಕು ಕಾಣದಂತೆ ಬಣ್ಣ ಬಳಿದಿದ್ದರು.' ಕನ್ನಡಕದ ತಿರುಪು, ಸೇತುವೆಯ ಬೋಲ್ಟು, ಬ್ರೇಕಿನ ತಂತಿ. ಟಿಕೆಟ್ ಕೊಟ್ಟ ಮುದುಕರೇ ಇದರ ಯಜಮಾನರು. ಹಿಂದೆ ಕಾರ್ಖಾನೆಯೊಂದರಲ್ಲಿ ಅಪಘಾತಗಳ ವರದಿ ಬರೆಯುತ್ತಿದ್ದರಂತೆ. ನಿವೃತ್ತರಾದ ಮೇಲೂ ಚಟ ಬಿಡಲಿಲ್ಲ. ಅಕ್ಕನ ಅತ್ತೆ ಒಂದು ಕುರ್ಚಿ ಕಂಡು ಕೂರಲು ಹೋದರು, ಮುಂದೆ ಚೀಟಿ ಇದ್ದುದನ್ನು ನೋಡಿ ಸರಕ್ಕನೆ ಹಿಂದೆ ಸರಿದರು.

ಹಗ್ಗ ಕೊನೆಯ ಮೇಜಿನಲ್ಲಿತ್ತು. ಲಾರಿಯ ಪಕ್ಕದ ಕೊಕ್ಕೆ, ಅದಕ್ಕೆ ಸುತ್ತಿದ ಗಂಟು, ಗಂಟಿನಾಚೆಗೆ ಮೊಳದುದ್ದದ ಹಗ್ಗ. ಚೀಟಿ ಹೀಗಿತ್ತು: 'ಲಾರಿಯ ಹಗ್ಗ. ತಗಡು ಜಾರಿ ಒಬ್ಬರ ಕಾಲು ಮುರಿಯಿತು. ಕಾರಣ: ಗಂಟು ಕಟ್ಟಿದವನ ಅಜಾಗರೂಕತೆ.' ಅವನು ಓದಿದ. ನಿಧಾನಕ್ಕೆ ಓದಿದ, ಆದರೂ ಓದಿದ. ಆಮೇಲೆ ಬಾಗಿ ಗಂಟನ್ನು ನೋಡಿದ.

ಅಪ್ಪನದೇ. ಸುತ್ತು ಎಡದಿಂದ ಬಂದಿತ್ತು. ಲೋಕದ ಗಂಟುಗಳೆಲ್ಲ ಬಲದಿಂದ ಬಂದರೆ ಅಪ್ಪನದು ಎಡದಿಂದ. ಕುಣಿಕೆ ಜೋತುಬಿದ್ದಿತ್ತು. ನೋಡಿದವರು ಸಡಿಲಾಗಿದೆ ಎಂದೇ ಅನ್ನುತ್ತಾರೆ. ಆದರೆ ಎಳೆತ ಹೋದ ಮೇಲೆ ಯಾವ ಕುಣಿಕೆಯೂ ಜೋತುಬೀಳುತ್ತದೆ. ಇದು ಅಂಗಳದಲ್ಲಿ ಒಂದು ವಾರ ಕಳೆದವನಿಗೂ ಗೊತ್ತು. ನೋಡಬೇಕಾದ್ದು ಬುಡದ ಮೂರು ಸುತ್ತು. ಮೂರೂ ಇದ್ದವು, ಒಂದರ ಪಕ್ಕ ಒಂದು, ಹಲ್ಲು ಕಚ್ಚಿದ ಹಾಗೆ. ಜಾರಿದ ಗಂಟಿನ ತುದಿ ಉಜ್ಜಿ ಉಜ್ಜಿ ಮಿರಮಿರ ಹೊಳೆಯುತ್ತದೆ. ಇದರ ತುದಿ ಒರಟೊರಟಾಗಿತ್ತು, ಕಟ್ಟಿದ ದಿನದ ಹಾಗೆ.

ಗಂಟು ಬಿಚ್ಚಿಯೇ ಇರಲಿಲ್ಲ.

ಮೊದಲು ಬಂದದ್ದು ಖುಷಿ, ಅದರ ಬೆನ್ನಿಗೇ ರೋಷ. ಏಳು ವರ್ಷ! ಓದಿದ ಮಂದಿ, ಕಾಗದ ಮಾಡಿದ ಮಂದಿ, ಒಬ್ಬನಾದರೂ ಬಾಗಿ ನೋಡಿದನೇ? ಯಜಮಾನರನ್ನು ಕರೆದ. ಗೋದಾಮಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಕರೆದ. ಇದು ನಮ್ಮಪ್ಪ ಕಟ್ಟಿದ್ದು, ಈ ಚೀಟಿ ಶುದ್ಧ ಸುಳ್ಳು ಎಂದು ಶುರುಮಾಡಿ, ಸುತ್ತು, ತುದಿ, ಕುಣಿಕೆ ಎಲ್ಲವನ್ನೂ ಬೆರಳಿಟ್ಟು ತೋರಿಸಿದ. ಮುದುಕರು ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಅಂಗಳದವರ ಕಾಗದ ನಂಬಿ ಬರೆದೆ, ನನ್ನದು ತಪ್ಪು ಎಂದು ಸರಳವಾಗಿ ಒಪ್ಪಿಕೊಂಡರು. ಅಷ್ಟು ಸುಲಭವಾಗಿ ತಪ್ಪು ಒಪ್ಪುವ ಓದಿದವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಎತ್ತಿದ ದನಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಹಾಗಾದ್ರೆ ಈ ಕಡೆ ತುದಿ?" ಮುದುಕರು ಹಗ್ಗದ ಇನ್ನೊಂದು ಕೊನೆ ತೋರಿಸಿದರು. "ಕಾಲು ಬಿಡಿಸೋಕೆ ಚಾಕುವಿನಲ್ಲಿ ಕೊಯ್ದಿರಬೇಕು ಅಂದ್ಕೊಂಡಿದ್ದೆ."

ಅವನು ಆ ತುದಿಯನ್ನು ಕೈಗೆ ತೆಗೆದುಕೊಂಡ. ಅರ್ಧ ದಪ್ಪದವರೆಗೆ ನಯವಾಗಿ ಕೊಯ್ದಿತ್ತು. ಉಳಿದರ್ಧ ಜಗ್ಗಿ ಜಗ್ಗಿ ಹರಿದು ಎಳೆಎಳೆಯಾಗಿತ್ತು. ಚಾಕು ಹೀಗೆ ಕೊಯ್ಯುವುದಿಲ್ಲ. ಕೊಯ್ದ ಜಾಗದ ಎಳೆಗಳಿಗೆ ತುಕ್ಕಿನ ಕೆಂಪು ಹತ್ತಿತ್ತು. ತಗಡಿನ ಅಂಚು. ಕೊಕ್ಕೆಯಿಂದ ಒಂದು ಮೊಳ ಮೇಲೆ, ಸರಿಯಾಗಿ ಹಗ್ಗ ತಗಡಿನ ಮೂಲೆಗೆ ಬಾಗುವಲ್ಲಿ.

"ಮೂಲೆಗೆ ಏನೂ ಅಡ್ಡ ಇಡೋಲ್ವಾ?" ಎಂದರು ಮುದುಕರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆ ಮಧ್ಯಾಹ್ನದ ಲಾರಿಯ ಕ್ಯಾಬಿನ್ನಿನ ಸೀಟಿನಲ್ಲಿ ಒಂದು ಸ್ಪ್ರಿಂಗು ಎದ್ದು ಚುಚ್ಚುತ್ತಿತ್ತು. ಲೋಡಿನ ಜೊತೆ ಹೋಗಬೇಕಾದವನು ಅವನೇ. ಮೂರು ಮೂಲೆಗೆ ಗೋಣಿ ಇಟ್ಟ, ನಾಲ್ಕನೆಯದನ್ನು ನಾಲ್ಕು ಮಡಿಕೆ ಮಾಡಿ ತನ್ನ ಕುಂಡಿಯ ಕೆಳಗೆ ಹಾಕಿಕೊಂಡ. ಇಷ್ಟೇ ನಡೆದದ್ದು. ಸಂಜೆ ಅದೇ ಗೋಣಿಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದಿದ್ದ. ಅಪ್ಪ ಬಾಗಿಲಲ್ಲಿ ಕೂತಿದ್ದವನು, "ನಾಲ್ಕೂ ಮೂಲೆಗೆ ಇಟ್ಟಿದ್ದೆಯೇನೋ?" ಎಂದು ಕೇಳಿದ್ದ. "ಇಡದೆ ಮತ್ತೆ?" ಎಂದು ಅವನು ಸಿಡುಕಿದ್ದ. ಅಪ್ಪ ಆ ಗೋಣಿಯನ್ನು ಅವನ ಹೆಗಲಿಂದ ತೆಗೆದು, ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿ, ಮಂಚದ ಕೆಳಗೆ ತಳ್ಳಿದ್ದ. ಮಾರನೆಯ ದಿನ ಹೋಗಿ ಹೆಬ್ಬೆಟ್ಟು ಒತ್ತಿದ್ದ.

ಅಪ್ಪನಿಗೆ ಗೊತ್ತಿತ್ತು. ಹೆಬ್ಬೆಟ್ಟು ಒತ್ತಿದಾಗಲೂ, ಅಷ್ಟು ಜನರೆದುರು ಮಗ ಮೂದಲಿಸಿದಾಗಲೂ, ಚಪ್ಪಲಿ ಮೆಟ್ಟಿ ಎದ್ದು ಹೋದಾಗಲೂ ಗೊತ್ತಿತ್ತು.

ಮುದುಕರು ಮೇಜಿನ ಸೆಳೆಖಾನೆಯಿಂದ ಖಾಲಿ ಚೀಟಿ, ಪೆನ್ನು ತೆಗೆದಿಟ್ಟರು. ಇಲ್ಲಿಯ ಕಟ್ಟಳೆ ಹೇಳಿದರು: ಚೀಟಿ ತಪ್ಪು ಎಂದವರು ಹೊಸದನ್ನು ತಮ್ಮ ಕೈಯಾರೆ ಬರೆಯಬೇಕು. ಹಳೆಯದನ್ನು ಹರಿಯುವುದಿಲ್ಲ, ಹೊಸದರ ಹಿಂದೆ ಇಡುತ್ತಾರೆ. "ಹೆಸರು ಬೇಡಪ್ಪ. ಯಾರು, ಏನು ಕೆಲಸ ಅಂತ ಇದ್ರೆ ಸಾಕು."

ಅಷ್ಟರಲ್ಲಿ ಅಕ್ಕ, ಭಾವ, ಅತ್ತೆ ಸುತ್ತ ನಿಂತಿದ್ದರು. ಸಾಲಿನಲ್ಲಿ ನಕ್ಕವರೂ ಇದ್ದರು. ನಾಲ್ಕು ಜನರೆದುರು ಅವನು ಪೆನ್ನು ಹಿಡಿಯುತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಪುಸ್ತಕಕ್ಕೆ ಸಹಿ ಹಾಕಬೇಕಾದರೂ ಬೆನ್ನು ತಿರುಗಿಸುವನು. ಅಕ್ಕನ ಕಣ್ಣು ಆಗಲೇ ತುಂಬಿತ್ತು. "ನಮ್ಮಪ್ಪಂದು ತಪ್ಪಿಲ್ಲ ತಾನೆ? ಅದನ್ನ ಬರಿಯೋ," ಎಂದಳು. ಭಾವನೂ ಕರಗಿದ್ದರು. ಮಾವನ ಮಾನ ಉಳಿದರೆ ಅಳಿಯನಿಗೂ ಅಷ್ಟಿಷ್ಟು ಪಾಲು ಬರುತ್ತದೆ. ಭುಜದ ಮೇಲೆ ಬಾಗಿ ಮೆಲ್ಲಗೆ ಹೇಳಿಕೊಟ್ಟರು: "ಹಗ್ಗ ಹಳೇದಾಗಿತ್ತು ಅಂತ ಬರಿ. ಅಷ್ಟೇ. ಅಂಗಳದೋರ ತಲೆಗೆ ಹೋಗುತ್ತೆ."

ಹಗ್ಗ ಹೊಸದಾಗಿತ್ತು. ಆ ವಾರವೇ ಸುರುಳಿ ಬಿಚ್ಚಿದ್ದು. ಆದರೆ ಅದು ಈಗ ಯಾರಿಗೆ ಗೊತ್ತು? ಒಂದು ಸಾಲು ಬರೆದರೆ ಅಪ್ಪನೂ ಗೆಲ್ಲುತ್ತಾನೆ, ಮಗನೂ ಗೆಲ್ಲುತ್ತಾನೆ. ಅಂಗಳದ ಮೇಲೆ ಅವನಿಗೆ ಕನಿಕರವೂ ಇರಲಿಲ್ಲ. ಪೆನ್ನಿನ ತುದಿ ಚೀಟಿಯ ಮೇಲೆ ಒಂದು ಚುಕ್ಕೆ ಇಟ್ಟು ನಿಂತಿತು. ಆ ಚುಕ್ಕೆ ನಿಧಾನಕ್ಕೆ ದೊಡ್ಡದಾಗುತ್ತಿತ್ತು.

ಬರೆದ. ಒಂದೊಂದು ಅಕ್ಷರವೂ ಭಾರ ಹೊತ್ತವನಂತೆ ವಾಲಿಕೊಂಡು ಬಂತು.

'ಗಂಟು ಬಿಚ್ಚಿಲ್ಲ. ಈಗಲೂ ಹಾಗೇ ಇದೆ, ನೋಡಿ. ಹಗ್ಗ ಹೊಸದು. ತಗಡಿನ ಅಂಚಿಗೆ ಕೊಯ್ದು ಹೋಗಿದೆ. ಆ ಮೂಲೆಗೆ ಗೋಣಿ ಇಟ್ಟಿರಲಿಲ್ಲ. ಇಡಬೇಕಾದವನು ಅದರ ಮೇಲೆ ಕೂತಿದ್ದ. ಬರೆದವನು: ಗಂಟು ಕಟ್ಟಿದವರ ಮಗ. ಗೋಣಿ ಇಡುವ ಕೆಲಸದವನು.'

ಮುದುಕರು ಓದಿದರು. ಚೀಟಿಯನ್ನು ಹಗ್ಗದ ಮುಂದೆ ನಿಲ್ಲಿಸಿದರು, ಹಳೆಯದು ಅದರ ಹಿಂದೆ ಹೋಯಿತು. ಅಕ್ಕ ಎರಡು ಸಲ ಓದಿದಳು. ಎರಡನೆಯ ಸಲಕ್ಕೆ ಕೈ ಬಾಯಿಗೆ ಹೋಯಿತು. "ಮಕ್ಕಳು ಕೂರೋಕೆ ಅಂತ ಹೆತ್ತೋರು ಏನೇನು ಹೊರಬೇಕೋ," ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ. ಮೂರು ದಿನದಲ್ಲಿ ಅವರು ಹಳೇ ಸಾಮಾನಿನ ಸುದ್ದಿ ಬಿಟ್ಟು ಆಡಿದ ಮೊದಲ ಮಾತು ಅದು.

ಭಾವ ಮಾತ್ರ ತಡೆದುಕೊಳ್ಳಲಾರದೆ ಬಾಗಿಲವರೆಗೂ ಹಿಂದೆಯೇ ಬಂದರು. ಹೊರಗೆ ಟಿಕೆಟ್ಟಿಗೆ ಇನ್ನೊಂದು ಸಾಲು ನಿಂತಿತ್ತು. ಅಷ್ಟು ಜನಕ್ಕೂ ಕೇಳುವ ಹಾಗೆ ಹೇಳಿದರು:

"ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನದೆ ಹೆಗಲು ಮುಟ್ಟಿ ನೋಡ್ಕೊಂಡ್ಯಲ್ಲೋ. ಒಂದು ಸಾಲಿನಲ್ಲಿ ಮುಗೀತಿತ್ತು. ಯಾರು ಕೇಳಿದ್ರು ನಿನ್ನನ್ನ? ಎಂಟನೇ ಕ್ಲಾಸು ಎಂಟನೇ ಕ್ಲಾಸೇ."

ಸಾಲು ಅವನ ಕಡೆ ನೋಡಿತು. ಅಭ್ಯಾಸಬಲದಿಂದ ನಾಲಗೆಯ ತುದಿಗೆ ಒಂದಲ್ಲ, ಮೂರು ಉತ್ತರ ಬಂದು ನಿಂತಿದ್ದವು, ಒಂದಕ್ಕಿಂತ ಒಂದು ಹರಿತ. ಅವನು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ, ಸಾಲಿನ ಪಕ್ಕದಿಂದ ಹಾದು, ವ್ಯಾನಿನ ಕಡೆಗೆ ನಡೆದುಹೋದ.